ಊರಿಗೆ ಹೊರಡುವ ಮುನ್ನ: ನಿವೃತ್ತ ಕಾರ್ಮಿಕರ ಆರೋಗ್ಯ ವಿಮೆ

ಫೋರ್ಟಿನಲ್ಲಿ ಕೂಡಿದ್ದ ಹೋಟೆಲು ಮತ್ತು ಗಿರಣಿ ಕಾರ್ಮಿಕರ ಸಭೆಯಲ್ಲಿ ಸಂಘದ ಪರವಾಗಿ ಮಾಡಿದ ಭಾಷಣ



ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದವರೂ, ಮಧ್ಯಾಹ್ನದ ಊಟದ ಗದ್ದಲ ತೀರಿಸಿ ಕೈಯ ಹಿಟ್ಟು ತೊಳೆದುಕೊಂಡು ನೇರವಾಗಿ ಬಂದವರೂ ಇಲ್ಲಿ ಕುಳಿತಿದ್ದೀರಿ. ಆದುದರಿಂದ ಪೀಠಿಕೆಯನ್ನು ಬೆಳೆಸುವುದಿಲ್ಲ. ಆದರೂ ಒಂದು ಮಾತು ಹೇಳದೆ ಇರಲಾರೆವು. ನಾವು ಕುಳಿತಿರುವ ಈ ಫೋರ್ಟ್ ವಿಭಾಗವು ವಿಮೆಯ ವ್ಯಾಪಾರಕ್ಕೆ ತವರುಮನೆ ಇದ್ದಂತೆ. ಓರಿಯಂಟಲ್ ಎಂಬ ಜೀವವಿಮಾ ಕಂಪನಿ 1874ರಲ್ಲಿ ಹುಟ್ಟಿದ್ದು ಈ ಮುಂಬಯಿಯಲ್ಲಿ. ಸರ್ ದೊರಾಬ್ಜಿ ಟಾಟಾ ಅವರು 1919ರಲ್ಲಿ ಸ್ಥಾಪಿಸಿದ ನ್ಯೂ ಇಂಡಿಯಾ ಕಂಪನಿಯ ದೊಡ್ಡ ಕಟ್ಟಡ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಇಂದಿಗೂ ನಿಂತಿದೆ. ಇಂಥ ಕಚೇರಿಗಳ ಮೆಟ್ಟಿಲುಗಳನ್ನು ದಿನಕ್ಕೆ ನಾಲ್ಕು ಸಲ ಹತ್ತಿಳಿದವರು ಯಾರು? ಚಹಾದ ಗ್ಲಾಸುಗಳನ್ನು ಹಿಡಿದ ನಮ್ಮ ಮಾಣಿಗಳು. ಮೇಜಿನ ಮೇಲೆ ಗ್ಲಾಸು ಇಟ್ಟು, ಖಾಲಿ ಗ್ಲಾಸು ಎತ್ತಿಕೊಂಡು ಬಂದೆವು. ಅದೇ ಮೇಜಿನ ಮೇಲೆ ಬಿದ್ದಿದ್ದ ಕಾಗದದಲ್ಲಿ ಏನು ಬರೆದಿದೆ ಎಂದು ಕೇಳಲಿಲ್ಲ. ಈ ಹೊತ್ತು ಆ ಕಾಗದದ ವಿಚಾರವನ್ನೇ ಮಾತನಾಡೋಣ.

ನಮ್ಮವರೊಬ್ಬರ ಕತೆ ಹೇಳುತ್ತೇವೆ. ಹೆಸರು ಬೇಡ. ಬೋರಾ ಬಜಾರಿನ ಸುತ್ತಿನ ಒಂದು ಹೋಟೆಲಿನಲ್ಲಿ ಅವರು 34 ವರುಷ ದುಡಿದರು. ಮೊದಲು ಕ್ಲೀನರ್, ಆಮೇಲೆ ಸಪ್ಲಾಯರ್, ಕೊನೆಗೆ ಕಾಫಿ ಮೇಕರ್. 61ನೆಯ ವಯಸ್ಸಿಗೆ ಇನ್ನು ಸಾಕೆಂದು ಕುಂದಾಪುರದಿಂದ ಒಳಗಿರುವ ತಮ್ಮ ಊರಿಗೆ ಹೊರಟರು. ಹೊರಡುವ ದಿನ ಹೋಟೆಲಿನವರು ಶಾಲು ಹೊದಿಸಿದರು, ಲಕೋಟೆ ಕೊಟ್ಟರು, ನಾವೂ ಹೋಗಿ ಹಣ್ಣು ಕೊಟ್ಟು ಬಂದೆವು. ಮರುವರುಷದ ಮಳೆಗಾಲದಲ್ಲಿ ಅವರಿಗೆ ಎದೆನೋವು ಬಂತು. ದೊಡ್ಡ ಆಸ್ಪತ್ರೆಗೆ ಒಯ್ದರು. ದೇವರ ದಯೆ, ಜೀವ ಉಳಿಯಿತು. ಆದರೆ ಬಿಲ್ಲು ತೀರಿಸಿದ್ದು ಹೆಂಡತಿಯ ಬಳೆ ಮತ್ತು ಮನೆ ಮಾಡಿಗೆ ಹೆಂಚು ಹಾಕಿಸಲೆಂದು ಇಟ್ಟಿದ್ದ ಹಣ.

ಇದರಲ್ಲಿ ಹೊಸತೇನು ಎಂದು ನೀವು ಕೇಳಬಹುದು. ಹೊಸತು ಇದು. ಆ ಮನುಷ್ಯನಿಗೆ ನೆರವಿನ ಬಾಗಿಲುಗಳು ಮೂರು ಇದ್ದವು. ಅವರ ಪಗಾರದಿಂದ ವರುಷಗಟ್ಟಲೆ ಇ.ಎಸ್.ಐ. ಹಣ ಕತ್ತರಿಸಿದ್ದರು, ನಿವೃತ್ತಿಯ ಕಾಗದ ಮಾಡಿಸಿಕೊಂಡಿದ್ದರೆ ಅದು ಮುಂದುವರಿಯುತ್ತಿತ್ತು, ಮಾಡಿಸಲಿಲ್ಲ. ಒಂದು ಸಮಾಜದ ಗುಂಪು ವಿಮೆಯಲ್ಲಿ ಅವರ ಹೆಸರಿತ್ತು. ಮುಂಬಯಿ ಬಿಟ್ಟ ವರುಷ ಕಂತು ಕಟ್ಟಲಿಲ್ಲ, ಅದು ಸತ್ತುಹೋಯಿತು. ಊರಿನಲ್ಲಿ ಹೆಂಡತಿ ಮಕ್ಕಳ ಹೆಸರಿನಲ್ಲಿ ಬಿ.ಪಿ.ಎಲ್. ರೇಶನ್ ಕಾರ್ಡು ಇತ್ತು. ಅದರಲ್ಲಿ ಯಜಮಾನರ ಹೆಸರೇ ಇರಲಿಲ್ಲ, ಏಕೆಂದರೆ ಯಜಮಾನರು ಮುಂಬಯಿಯವರು! ಮೂರೂ ಬಾಗಿಲು ಮುಚ್ಚಿದ್ದು ಹಕ್ಕು ಇಲ್ಲದೆ ಅಲ್ಲ, ಕಾಗದ ಇಲ್ಲದೆ. ಆಮೇಲೆ ಒಮ್ಮೆ ಸಿಕ್ಕಾಗ ಅವರು ಕೇಳಿದರು: "ಅಷ್ಟು ವರ್ಷ ಹಿಡಿದ ದುಡ್ಡು ಎಲ್ಲಿಗೆ ಹೋಯಿತು ಮಾರಾಯ್ರೇ?" ನಮ್ಮ ಬಳಿ ಉತ್ತರವಿರಲಿಲ್ಲ. ಶಾಲು ಹೊದಿಸುವ ದಿನ ನಾವೂ ಅಲ್ಲಿದ್ದೆವು. ಕಾಗದದ ಮಾತನ್ನು ನಾವೂ ಎತ್ತಲಿಲ್ಲ.

ಈಗ ಊರಿಗೆ ಹೊರಡುವ ವಯಸ್ಸಿನವರ ಹಿಂದೆ ಏಜೆಂಟರು ಓಡಾಡುತ್ತಿದ್ದಾರೆ. "ಅಣ್ಣಾ, ಸರ್ಕಾರದ್ದು ಸಾಲದು, ಹೆಚ್ಚುವರಿ ಪಾಲಿಸಿ ತೆಗೆದುಕೊಳ್ಳಿ" ಎನ್ನುತ್ತಾರೆ. ಅವರು ಹೇಳುವುದು ಪೂರ್ತಿ ಸುಳ್ಳಲ್ಲ. ಆದರೆ ಹೆಚ್ಚುವರಿ ಎಂದರೆ ಯಾವುದಕ್ಕೆ ಹೆಚ್ಚುವರಿ? ಎಲೆಯಲ್ಲಿ ಅನ್ನ ಎಷ್ಟಿದೆ ಎಂದು ನೋಡದೆ ಸಾರು ಬಡಿಸುವವನನ್ನು ನಾವು ಬಡಿಸುವವನು ಎನ್ನುವುದಿಲ್ಲ. ಆದುದರಿಂದ ಮೊದಲು ಎಲೆಯನ್ನು ನೋಡೋಣ.

ಇ.ಎಸ್.ಐ. ಕಾನೂನು ಮೊದಲು ಬಂದದ್ದು 1948ರಲ್ಲಿ. 1952ರಲ್ಲಿ ಕಾನ್ಪುರ ಮತ್ತು ದಿಲ್ಲಿಯಲ್ಲಿ ಆರಂಭವಾಗಿ 1954ರಲ್ಲಿ ಮುಂಬಯಿಗೆ ಬಂತು. ಗಿರಣಿಯ ಹಳಬರಿಗೆ ಪರೇಲದ ಮಹಾತ್ಮಾ ಗಾಂಧಿ ಆಸ್ಪತ್ರೆ, ವರಳಿಯ ಆಸ್ಪತ್ರೆ ಎರಡನೆಯ ಮನೆಯಿದ್ದಂತೆ. ಈಗ ತಿಂಗಳಿಗೆ 21,000 ರೂ.ವರೆಗೆ ಪಗಾರ ಇರುವವರಿಗೆ ಇದು ಅನ್ವಯಿಸುತ್ತದೆ. 2019ರ ಜುಲೈಯಿಂದ ಕಾರ್ಮಿಕನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲಿಕರ ಪಾಲು ಮೂರೂಕಾಲು. ಇಷ್ಟು ನಿಮ್ಮಲ್ಲಿ ಹಲವರಿಗೆ ಗೊತ್ತು. ಗೊತ್ತಿಲ್ಲದ್ದು ಇದು: ಕಡಿಮೆಯೆಂದರೆ 5 ವರುಷ ಇ.ಎಸ್.ಐ.ಗೆ ಒಳಪಟ್ಟ ಕೆಲಸದಲ್ಲಿದ್ದು ವಯಸ್ಸಾಗಿ ನಿವೃತ್ತನಾದವನೂ ಅವನ ಹೆಂಡತಿಯೂ ವರುಷಕ್ಕೆ 120 ರೂ. ಕಟ್ಟಿ ವೈದ್ಯಕೀಯ ಸೌಲಭ್ಯವನ್ನು ಮುಂದುವರಿಸಿಕೊಳ್ಳಬಹುದು. ಸ್ವಇಚ್ಛೆಯ ನಿವೃತ್ತಿ ಯೋಜನೆಯಲ್ಲಿ ಹೊರಬಂದ ಗಿರಣಿಯವರಿಗೂ ಈ ಅವಕಾಶವಿದೆ. ನೂರಿಪ್ಪತ್ತು ರೂಪಾಯಿ, ಇಬ್ಬರಿಗೆ, ಒಂದು ವರುಷಕ್ಕೆ! ನಮ್ಮ ಫೋರ್ಟಿನಲ್ಲಿ ಈಗ ಆ ಹಣಕ್ಕೆ ಎರಡು ಮಸಾಲೆ ದೋಸೆ ಬರುವುದೂ ಕಷ್ಟ.

ಆದರೆ ಒಂದು ತೊಡಕು ಇದೆ. ನೀವು ನಿವೃತ್ತರಾದಿರಿ ಎಂದು ಮಾಲಿಕರು ಬರೆದುಕೊಡಬೇಕು. ಗಿರಣಿಯಲ್ಲಿ ನಿವೃತ್ತಿ ಎಂಬುದು ಒಂದು ತಾರೀಖು. ಹೋಟೆಲಿನಲ್ಲಿ ಆ ಪದವೇ ಇಲ್ಲ. ಹೋಟೆಲಿನವನು ನಿವೃತ್ತನಾಗುವುದಿಲ್ಲ, ಊರಿಗೆ ಹೋಗುತ್ತಾನೆ. ಹಬ್ಬಕ್ಕೆಂದು ಹೋದವನು ತಿರುಗಿ ಬರುವುದಿಲ್ಲ, ಅಷ್ಟೇ. ಪುಸ್ತಕದಲ್ಲಿ ಅವನು ಕೆಲಸ ಬಿಟ್ಟವನು ಎಂದು ದಾಖಲಾಗುತ್ತದೆ. ಕೆಲಸ ಬಿಟ್ಟವನು ಬೇರೆ, ನಿವೃತ್ತನಾದವನು ಬೇರೆ. ಆ ಒಂದು ಪದದ ಅಂತರದಲ್ಲಿ ಹಲವು ವರುಷಗಳ ಹಕ್ಕು ಜಾರಿಹೋಗುತ್ತದೆ. ಆದುದರಿಂದ ಶಾಲು ಹೊದಿಸುವ ದಿನವೇ, ಸಾಧ್ಯವಾದರೆ ಅದಕ್ಕೂ ಒಂದು ತಿಂಗಳು ಮೊದಲೇ, ಧಣಿಗಳ ಹತ್ತಿರ ನಯವಾಗಿ ಹೋಗಿ ನಿವೃತ್ತಿಯ ಪತ್ರ ಕೇಳಬೇಕು. ಕೇಳಲು ಸಂಕೋಚವಾದರೆ ಸಂಘದವರನ್ನು ಕರೆದುಕೊಂಡು ಹೋಗಿ.

ಪತ್ರ ಸಿಕ್ಕಿತು, 120 ರೂ. ಕಟ್ಟಿದಿರಿ. ಇನ್ನು ಊರಿನಲ್ಲಿ ಇ.ಎಸ್.ಐ. ಎಲ್ಲಿದೆ? ಕರ್ನಾಟಕದಲ್ಲಿ ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ, ಮೈಸೂರು, ದಾಂಡೇಲಿ ಇಂಥ ಕಡೆ ಇ.ಎಸ್.ಐ. ಆಸ್ಪತ್ರೆಗಳಿವೆ, ಬೇರೆ ಕೆಲವು ಊರುಗಳಲ್ಲಿ ಚಿಕಿತ್ಸಾಲಯಗಳಿವೆ. ಮಂಗಳೂರಿನ ಆಸುಪಾಸಿನವರಿಗೆ ಇದು ಕೈಗೆಟಕುವ ವಸ್ತು. ಬೈಂದೂರಿನ ಗುಡ್ಡದ ಆಚೆ ಮನೆಯಿರುವವರಿಗೆ ಎರಡು ಬಸ್ಸು ಬದಲಿಸಿ ಅರ್ಧ ದಿನ ಕಳೆಯಬೇಕು. ತಿಂಗಳ ಮಾತ್ರೆಗೆ ಅಷ್ಟು ದೂರ ಯಾರು ಹೋಗುತ್ತಾರೆ? ಆದರೂ ಕೈಬಿಡಬೇಡಿ ಎಂದೇ ನಮ್ಮ ಅಭಿಪ್ರಾಯ. 120 ರೂಪಾಯಿಗೆ ಒಂದು ಬಾಗಿಲು ತೆರೆದಿರುವುದಾದರೆ ತೆರೆದೇ ಇರಲಿ. ದೊಡ್ಡ ಚಿಕಿತ್ಸೆಗೆ ಹೊರಗಿನ ಆಸ್ಪತ್ರೆಗೆ ಕಳಿಸುವುದುಂಟೇ ಎಂಬುದನ್ನು ಮಾತ್ರ ಶಾಖಾ ಕಚೇರಿಯಲ್ಲಿ ವಿಚಾರಿಸಿ, ಅವರು ಹೇಳಿದ್ದನ್ನು ಬರೆದುಕೊಂಡು ಹೊರಡಿ.

ಇನ್ನು 70 ದಾಟಿದ ಹಿರಿಯರ ವಿಚಾರ. ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ ಯೋಜನೆ 2018ರ ಸಪ್ಟೆಂಬರದಲ್ಲಿ ಬಡ ಕುಟುಂಬಗಳಿಗಾಗಿ ಆರಂಭವಾಯಿತು. 2024ರ ಅಕ್ಟೋಬರ 29ರಂದು ಅದನ್ನು 70 ವರುಷ ತುಂಬಿದ ಎಲ್ಲರಿಗೂ ವಿಸ್ತರಿಸಿದರು. ಬಡವ ಬಲ್ಲಿದ ಎಂಬ ಭೇದವಿಲ್ಲ, ರೇಶನ್ ಕಾರ್ಡಿನ ಬಣ್ಣ ಕೇಳುವುದಿಲ್ಲ. ಮನೆಯಲ್ಲಿ 70 ದಾಟಿದವರಿಗೆ ಎಲ್ಲ ಸೇರಿ ವರುಷಕ್ಕೆ 5 ಲಕ್ಷ ರೂ.ವರೆಗೆ ಆಸ್ಪತ್ರೆಯ ಚಿಕಿತ್ಸೆ. ಇದಕ್ಕೆ ಕೊಡುವ ಕಾರ್ಡಿನ ಹೆಸರು ವಯ ವಂದನಾ. ಇ.ಎಸ್.ಐ. ಇದ್ದವರಿಗೂ, ಖಾಸಗಿ ಪಾಲಿಸಿ ಇದ್ದವರಿಗೂ ಇದು ಸಲ್ಲುತ್ತದೆ. ಹಳೆಯ ಕಾಯಿಲೆ ಇದ್ದರೂ ಮೊದಲ ದಿನದಿಂದಲೇ ಸಲ್ಲುತ್ತದೆ. ಖಾಸಗಿ ಕಂಪನಿಗಳು ಕಾಯಿಸುವ ಹಾಗೆ ವರುಷಗಟ್ಟಲೆ ಕಾಯಿಸುವುದಿಲ್ಲ. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಗಿರಣಿಯಿಂದ ಹೊರಬಿದ್ದು, ನಿವೃತ್ತಿಯ ಕಾಗದವೂ ಇಲ್ಲದೆ, ಇ.ಎಸ್.ಐ.ಯೂ ಇಲ್ಲದೆ ಊರು ಸೇರಿದ ನಮ್ಮ ಅಣ್ಣಂದಿರು ಎಷ್ಟು ಮಂದಿ! ಅವರಲ್ಲಿ ಹಲವರು ಈಗ 70 ದಾಟಿದವರು. ಮೊದಲು ಈ ಕಾರ್ಡಿನ ವಿಚಾರ ತಿಳಿಸಬೇಕಾದುದು ಅವರಿಗೆ.

ಇಲ್ಲಿಯೂ ಒಂದು ಸೂಕ್ಷ್ಮ. ವಯಸ್ಸನ್ನು ನೋಡುವುದು ಆಧಾರ ಕಾರ್ಡಿನಲ್ಲಿ. ನಮ್ಮವರ ಆಧಾರದಲ್ಲಿ ವಯಸ್ಸು ಎಲ್ಲಿಂದ ಬಂತು? ರಾತ್ರಿಶಾಲೆಗೆ ಸೇರಿಸುವಾಗ ಮಾಸ್ತರರು ಮುಖ ನೋಡಿ ಬರೆದ ಜೂನ್ 1ನೆಯ ತಾರೀಖು. ಇಲ್ಲವೆ 13ರ ಹುಡುಗನನ್ನು 18 ಎಂದು ಹೇಳಿ ಕೆಲಸಕ್ಕೆ ಸೇರಿಸಿದ ಮಾವನ ಲೆಕ್ಕ. ಇ.ಎಸ್.ಐ. ದಾಖಲೆಯಲ್ಲಿ ಒಂದು ವಯಸ್ಸು, ಆಧಾರದಲ್ಲಿ ಮತ್ತೊಂದು, ಪಾಲಿಸಿಯಲ್ಲಿ ಮೂರನೆಯದು. ಆಸ್ಪತ್ರೆಯ ಕಿಟಕಿಯ ಮುಂದೆ ನಿಂತಾಗ ಈ ಮೂರು ಒಬ್ಬರಿಗೊಬ್ಬರು ಜಗಳವಾಡುತ್ತವೆ. ಆಧಾರದಲ್ಲಿ ಹುಟ್ಟಿದ ತಾರೀಖನ್ನು ತಿದ್ದಲು ಸಾಮಾನ್ಯವಾಗಿ ಒಮ್ಮೆ ಮಾತ್ರ ಅವಕಾಶವಿದೆ. ಆದುದರಿಂದ ತಿದ್ದುವುದಾದರೆ ಸರಿಯಾದ ದಾಖಲೆಯಿಟ್ಟು ಒಂದೇ ಸಲಕ್ಕೆ ತಿದ್ದಿಸಿ.

ಮತ್ತೊಂದು ಮಾತು. ದಿಲ್ಲಿಯಲ್ಲಿ ಘೋಷಣೆಯಾದದ್ದು ಎಲ್ಲ ರಾಜ್ಯಗಳಲ್ಲೂ ಒಂದೇ ದಿನ, ಒಂದೇ ಬಗೆಯಲ್ಲಿ ನಡೆಯುವುದಿಲ್ಲ. ಕಾರ್ಡು ಕೈಗೆ ಬಂದಿತೆಂದು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗಬೇಡಿ. ನಿಮ್ಮ ಊರಿಗೆ ಹತ್ತಿರದ ಯಾವ ಆಸ್ಪತ್ರೆ ಈ ಕಾರ್ಡನ್ನು ಒಪ್ಪುತ್ತದೆ, ಯಾವ ಚಿಕಿತ್ಸೆಗೆ ಒಪ್ಪುತ್ತದೆ ಎಂದು ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರರನ್ನು ಬಾಯಿಬಿಟ್ಟು ಕೇಳಿ. 14555 ಎಂಬ ಸಂಖ್ಯೆಗೆ ಫೋನು ಮಾಡಿಯೂ ಕೇಳಬಹುದು.

70 ತುಂಬದವರಿಗೆ ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ - ಆರೋಗ್ಯ ಕರ್ನಾಟಕ ಎಂಬ ಜೋಡಿ ಯೋಜನೆ 2018ರಿಂದ ಇದೆ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರುಷಕ್ಕೆ 5 ಲಕ್ಷದವರೆಗೆ, ಎ.ಪಿ.ಎಲ್. ಕುಟುಂಬಕ್ಕೆ ಸರ್ಕಾರ ನಿಗದಿ ಮಾಡಿದ ವೆಚ್ಚದಲ್ಲಿ ನೂರಕ್ಕೆ 30ರಷ್ಟು, ಒಟ್ಟು ಒಂದೂವರೆ ಲಕ್ಷದವರೆಗೆ. ತುರ್ತು ಪ್ರಸಂಗವನ್ನು ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಚೀಟಿ ಪಡೆದು ಖಾಸಗಿ ಆಸ್ಪತ್ರೆಗೆ ಹೋಗಬೇಕು. ಚೀಟಿಯಿಲ್ಲದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಓಡಿ, ಆಮೇಲೆ ಬಿಲ್ಲು ಹಿಡಿದು ಅಳುವವರನ್ನು ನಾವು ಕಂಡಿದ್ದೇವೆ. ಇಲ್ಲಿ ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ ಫುಲೆ ಜನ ಆರೋಗ್ಯ ಯೋಜನೆ ಇದೆಯಲ್ಲ ಎಂದರೆ, ಅದು ಮಹಾರಾಷ್ಟ್ರದ ನಿವಾಸಿಗಳಿಗೆ. ಇಲ್ಲಿನ ರೇಶನ್ ಕಾರ್ಡು ತೋರಿಸಿ ಕುಂದಾಪುರದಲ್ಲಿ ಚಿಕಿತ್ಸೆ ಕೇಳಲಾಗದು. ಆದುದರಿಂದ ಊರಿಗೆ ಹೋಗುವುದು ನಿಶ್ಚಯವಾದ ಕೂಡಲೆ ಇಲ್ಲಿಯ ಕಾರ್ಡಿನಿಂದ ಹೆಸರು ತೆಗೆಸಿ ಊರಿನ ಕಾರ್ಡಿಗೆ ಸೇರಿಸುವ ಕೆಲಸ ಹಿಡಿಯಬೇಕು. ಕಾಸರಗೋಡಿನ ಬಂಧುಗಳು ಕೇರಳದ ಯೋಜನೆಯನ್ನು ವಿಚಾರಿಸಬೇಕು. ಮಂಗಳೂರಿನ ಆಸ್ಪತ್ರೆ ಮನೆಯ ಅಂಗಳದಿಂದ ಕಾಣುವಷ್ಟು ಹತ್ತಿರವಿದ್ದರೂ ಗಡಿ ಗಡಿಯೇ.

ಕೃಷಿಕರ ಮನೆಗಳಿಗೆ ಯಶಸ್ವಿನಿ ಉಂಟು. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಹುಟ್ಟಿ, 2018ರಲ್ಲಿ ನಿಂತು, 2023ರ ಜನವರಿಯಲ್ಲಿ ಮರಳಿ ಆರಂಭವಾಯಿತು. ಆಗ ನಿಗದಿಯಾದಂತೆ ಗ್ರಾಮಾಂತರದಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರುಷಕ್ಕೆ 500 ರೂ., ಹೆಚ್ಚಿನ ಪ್ರತಿ ಒಬ್ಬರಿಗೆ 100 ರೂ., ಚಿಕಿತ್ಸೆ 5 ಲಕ್ಷದವರೆಗೆ. ಊರಿನ ಹಾಲಿನ ಸೊಸೈಟಿಯಲ್ಲಿ ತಂದೆಯ ಹೆಸರಿನಲ್ಲಿದ್ದ ಶೇರು ಈಗ ಯಾರ ಹೆಸರಿನಲ್ಲಿದೆ ಎಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತೇ? ವಿಚಾರಿಸಿ. ಹೆಸರು ನೋಂದಾಯಿಸಲು ವರುಷದಲ್ಲಿ ಕೆಲವು ತಿಂಗಳು ಮಾತ್ರ ಅವಕಾಶ. ಆ ತಿಂಗಳು ತಪ್ಪಿದರೆ ಮುಂದಿನ ವರುಷವೇ.

ಕರಾವಳಿಯವರ ಕಿಸೆಯಲ್ಲಿ ಇನ್ನೊಂದು ವಸ್ತು ಇರುತ್ತದೆ. ಮಣಿಪಾಲದ ಆರೋಗ್ಯ ಕಾರ್ಡು ಮೊದಲಾದ ಆಸ್ಪತ್ರೆಗಳ ರಿಯಾಯಿತಿ ಕಾರ್ಡು. ಒಳ್ಳೆಯದು, ಇಟ್ಟುಕೊಳ್ಳಿ. ಆದರೆ ರಿಯಾಯಿತಿ ಬೇರೆ, ವಿಮೆ ಬೇರೆ. ರಿಯಾಯಿತಿ ಕಾರ್ಡು ಬಿಲ್ಲನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಉಳಿದುದನ್ನು ಕೊಡಬೇಕಾದವರು ನೀವೇ. "ನಮ್ಮಲ್ಲಿ ಕಾರ್ಡು ಉಂಟಲ್ಲ" ಎಂದು ವಿಮೆ ಮಾಡಿಸದೆ ಕುಳಿತವರು ಹಲವರು.

ಎಲೆಯಲ್ಲಿ ಇಷ್ಟು ಇದೆ. ಹಾಗಾದರೆ ಕೊರತೆ ಎಲ್ಲಿ? ನಮ್ಮ ದೃಷ್ಟಿಗೆ ಕಾಣುವ ದೊಡ್ಡ ಕಂದಕ 60ರಿಂದ 70ರ ನಡುವಣ ಹತ್ತು ವರುಷ. ಪಗಾರ 21,000 ದಾಟಿ ಇ.ಎಸ್.ಐ.ಯಿಂದ ಹೊರಬಿದ್ದ ಭಟ್ಟರು, ಮ್ಯಾನೇಜರು, ಊರಿನಲ್ಲಿ ಎ.ಪಿ.ಎಲ್. ಕಾರ್ಡು ಇರುವವರು, ಇವರಿಗೆ ಆ ಹತ್ತು ವರುಷ ಗಟ್ಟಿಯಾದ ಆಸರೆ ಕಡಿಮೆ. ಹೆಚ್ಚುವರಿ ಪಾಲಿಸಿ ನಿಜವಾಗಿ ಬೇಕಾದುದು ಅವರಿಗೆ. ಬಿ.ಪಿ.ಎಲ್. ಕಾರ್ಡು ಊರಿನಲ್ಲಿ ಸರಿಯಾಗಿದ್ದು, ತಮ್ಮ ಹೆಸರೂ ಅದರಲ್ಲಿರುವವರು, 70 ದಾಟಿ ಹತ್ತಿರದ ಆಸ್ಪತ್ರೆಯಲ್ಲಿ ಕಾರ್ಡು ನಡೆಯುವುದೆಂದು ಖಚಿತಮಾಡಿಕೊಂಡವರು, ಸಾಲ ಮಾಡಿ ಪಾಲಿಸಿ ತೆಗೆದುಕೊಳ್ಳಬೇಕಾಗಿಲ್ಲ ಎಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಏಜೆಂಟರಿಗೆ ಈ ಮಾತು ರುಚಿಸದು. ಭವಿಷ್ಯನಿಧಿಯ ಪಿಂಚಣಿ ಎಷ್ಟು? 2014ರಿಂದ ಕನಿಷ್ಠ 1,000 ರೂ. ವರುಷಕ್ಕೆ ಹನ್ನೆರಡು ಸಾವಿರ. ಅದರ ಎರಡು ಪಾಲು ಕಂತು ಕಟ್ಟಿ, ಊಟಕ್ಕೆ ಮಗನ ಮುಖ ನೋಡುವುದು ಬುದ್ಧಿವಂತಿಕೆಯಲ್ಲ. ಅಂಥವರು ಆ ಹಣದ ಸ್ವಲ್ಪ ಭಾಗವನ್ನು ಪೋಸ್ಟಿನ ಖಾತೆಯಲ್ಲಿ ಬೇರೆಯಾಗಿ ಇಡಲಿ. ಏಕೆಂದರೆ ನಾವು ಹೇಳಿದ ಸರ್ಕಾರಿ ಕಾರ್ಡುಗಳು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾದವರಿಗೆ. ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ತಿಂಗಳ ಮಾತ್ರೆ, ಬಾಡಿಗೆ ಕಾರು, ಜೊತೆಗೆ ಹೋದವರ ಊಟ ಇವೆಲ್ಲ ಕೈಯಿಂದಲೇ. ಮಾತ್ರೆಗೆ ಸರ್ಕಾರಿ ಆರೋಗ್ಯ ಕೇಂದ್ರ ಮತ್ತು ಪೇಟೆಯ ಜನೌಷಧಿ ಅಂಗಡಿಯನ್ನು ಮೊದಲು ನೋಡಿ. ತುರ್ತಿಗೆ 108ರ ಗಾಡಿ ಕರ್ನಾಟಕದಲ್ಲಿ 2008ರಿಂದ ಓಡುತ್ತಿದೆ, ಅದಕ್ಕೆ ಹಣ ಕೊಡಬೇಕಾಗಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ: "ನನಗೆ 57. ನಾನು ಏನು ಮಾಡಲಿ?" ಅಣ್ಣಾ, ಇಡೀ ಸಭೆ ನಿಮ್ಮ ಪ್ರಶ್ನೆಗಾಗಿಯೇ ಎಂದು ತಿಳಿಯಿರಿ. ಖಾಸಗಿ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ ಕಾಯುವ ಕಾಲ ಎಂಬುದಿದೆ. 2024ರ ಏಪ್ರಿಲಿನಿಂದ ಅದು ಹೆಚ್ಚೆಂದರೆ 3 ವರುಷ. ಮೊದಲು 4 ಇತ್ತು. ಕಣ್ಣಿನ ಪೊರೆ, ಹರ್ನಿಯಾ, ಮಂಡಿಯ ಶಸ್ತ್ರಕ್ರಿಯೆ ಮೊದಲಾದವಕ್ಕೂ ಇಂಥದೇ ಗಡುವು ಇರುತ್ತದೆ. 60ಕ್ಕೆ ಊರಿಗೆ ಹೋಗಿ ಆಮೇಲೆ ಪಾಲಿಸಿ ತೆಗೆದುಕೊಂಡರೆ ಹಳೆಯ ಸಕ್ಕರೆ ಕಾಯಿಲೆಯ ತೊಂದರೆಗೆ 63ರವರೆಗೆ ಬರಿಗೈ. 57ಕ್ಕೆ ತೆಗೆದುಕೊಂಡರೆ ಕಾಯುವ ಮೂರು ವರುಷ ಇಲ್ಲಿ, ಪಗಾರ ಬರುತ್ತಿರುವಾಗಲೇ, ಇ.ಎಸ್.ಐ.ಯ ಅಥವಾ ಗುಂಪು ವಿಮೆಯ ನೆರಳಿನಲ್ಲಿಯೇ ಕಳೆದುಹೋಗುತ್ತದೆ. 65 ದಾಟಿದವರಿಗೆ ಪಾಲಿಸಿ ಕೊಡಲೇ ಕೂಡದು ಎಂಬಂಥ ಪದ್ಧತಿಯೂ 2024ರಲ್ಲಿ ಹೋಯಿತು. ಆದರೆ ಕಂಪನಿ ಕೇಳುವ ಕಂತು ನಿಮ್ಮ ಕೈಗೆ ಎಟಕಬೇಕಲ್ಲ! 60 ದಾಟಿದವರ ಕಂತನ್ನು ಒಂದು ವರುಷದಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಏರಿಸುವುದಾದರೆ ಕಂಪನಿ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರದೊಡನೆ ವಿಚಾರಿಸಬೇಕೆಂದು 2025ರ ಜನವರಿಯಲ್ಲಿ ಆಜ್ಞೆಯಾಗಿದೆ. ವೈಯಕ್ತಿಕ ಪಾಲಿಸಿಯ ಮೇಲಿದ್ದ ನೂರಕ್ಕೆ 18ರ ಜಿ.ಎಸ್.ಟಿ. 2025ರ ಸಪ್ಟೆಂಬರ 22ರಿಂದ ಇಲ್ಲ. ಏಜೆಂಟರು ಹಳೆಯ ದರದ ಕಾಗದ ತೋರಿಸಿದರೆ ಇದನ್ನು ಕೇಳಿ.

ಆರಿಸುವುದು ಹೇಗೆ? ನಾವು ಹೇಳುವುದು ತಲೆಕೆಳಗಾದ ಕ್ರಮ ಎಂದು ನಿಮಗೆ ತೋರಬಹುದು. ಮೊದಲು ಪಾಲಿಸಿ ನೋಡಬೇಡಿ, ಮೊದಲು ಬಸ್ಸು ನೋಡಿ. ರಾತ್ರಿ ಹನ್ನೆರಡಕ್ಕೆ ನಿಮ್ಮ ಮನೆಯಿಂದ ರೋಗಿಯನ್ನು ಎಲ್ಲಿಗೆ ಒಯ್ಯುತ್ತಾರೆ? ಕುಂದಾಪುರದ ಕಡೆಯವರು ಮೊದಲು ಕುಂದಾಪುರದ ಸರ್ಕಾರಿ ಆಸ್ಪತ್ರೆ, ಆಮೇಲೆ ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಉಡುಪಿ, ಮಣಿಪಾಲ ಎನ್ನುತ್ತಾರೆ. ಬೆಳಗಾವಿಯ ಹಳ್ಳಿಯವರು ಬೇರೆ ಹೆಸರು ಹೇಳುತ್ತಾರೆ. ಆ ಎರಡು ಮೂರು ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು, ಆ ಆಸ್ಪತ್ರೆಗಳಲ್ಲಿ ಹಣ ಕಟ್ಟದೆಯೇ ಚಿಕಿತ್ಸೆ ಕೊಡುವ ಒಪ್ಪಂದ ಯಾವ ಕಂಪನಿಗೆ ಇದೆ ಎಂದು ಆ ಆಸ್ಪತ್ರೆಯ ವಿಮಾ ಕಿಟಕಿಯಲ್ಲಿಯೇ ಕೇಳಬೇಕು. ಏಜೆಂಟರ ಪುಸ್ತಕದಲ್ಲಿ ಇಡೀ ದೇಶದ ಸಾವಿರ ಆಸ್ಪತ್ರೆಗಳ ಹೆಸರಿರುತ್ತದೆ. ಮುಂಬಯಿಯ ಆಸ್ಪತ್ರೆಗಳ ಪಟ್ಟಿ ಬೈಂದೂರಿನ ಮುದುಕನಿಗೆ ಏನು ಪ್ರಯೋಜನ? ಕೆಲವು ಪಾಲಿಸಿಗಳಲ್ಲಿ ಹಳ್ಳಿಯ ವಿಳಾಸಕ್ಕೆ ಕಂತು ಕಡಿಮೆ, ಆದರೆ ದೊಡ್ಡ ನಗರದಲ್ಲಿ ಚಿಕಿತ್ಸೆ ಪಡೆದರೆ ಒಂದು ಭಾಗ ಕೈಯಿಂದ ಹಾಕಬೇಕು ಎಂಬ ಷರತ್ತಿರುತ್ತದೆ. ಮಗ ಡೊಂಬಿವಲಿಯಲ್ಲಿದ್ದು, ಕಾಯಿಲೆಯಾದರೆ ಅಪ್ಪನನ್ನು ಇಲ್ಲಿಗೇ ಕರೆತರುವವನಾದರೆ ಈ ಅಗ್ಗ ಅಗ್ಗವಲ್ಲ.

ಎರಡನೆಯದು ಕೋಣೆಯ ಬಾಡಿಗೆ. ಇದು ನಮ್ಮವರು ಹೆಚ್ಚಾಗಿ ಬೀಳುವ ಗುಂಡಿ, ಆದುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ. ಪಾಲಿಸಿಯಲ್ಲಿ ದಿನಕ್ಕೆ 4,000 ರೂ.ವರೆಗೆ ಕೋಣೆ ಎಂದಿದೆ ಎನ್ನಿ. ಊರಿನಿಂದ ನೆಂಟರು ಬರುತ್ತಾರೆ ಎಂದು 8,000ದ ಕೋಣೆ ಹಿಡಿದಿರಿ. ಮೇಲಿನ ನಾಲ್ಕು ಸಾವಿರ ಕೈಯಿಂದ ಕೊಟ್ಟರಾಯಿತು ಎಂದು ನೀವು ತಿಳಿಯುತ್ತೀರಿ. ಹಾಗಲ್ಲ. ಇಂಥ ಷರತ್ತಿರುವ ಪಾಲಿಸಿಯಲ್ಲಿ ಡಾಕ್ಟರರ ಫೀ, ಶಸ್ತ್ರಕ್ರಿಯೆಯ ಕೋಣೆಯ ಖರ್ಚು ಇವಕ್ಕೂ ಅದೇ ಪ್ರಮಾಣದಲ್ಲಿ ಅರ್ಧವೇ ಸಿಗುತ್ತದೆ. ಔಷಧಿ, ದೇಹದೊಳಗೆ ಕೂಡಿಸುವ ಸಾಧನ, ಪರೀಕ್ಷೆ ಇವಕ್ಕೆ ಮಾತ್ರ ಈ ಕಡಿತವಿಲ್ಲ. ಒಂದು ಕೋಣೆಯ ಆಸೆಗೆ ಇಡೀ ಬಿಲ್ಲು ಕುಂಟುತ್ತದೆ. ಜನರಲ್ ವಾರ್ಡಿನಲ್ಲಿ ಮಲಗಿದರೆ ಮಾನ ಹೋಗುವುದಿಲ್ಲ. ಎಂಟು ಜನರ ಖೋಲಿಯಲ್ಲಿ ಮೂವತ್ತು ವರುಷ ಮಲಗಿದವರು ನಾವು.

ಮೂರನೆಯದು ಟಾಪ್ ಅಪ್ ಎಂಬ ಪಾಲಿಸಿ. ನಿಜವಾದ ಹೆಚ್ಚುವರಿ ಎಂದರೆ ಇದೇ. ಇದರಲ್ಲಿ ಒಂದು ಗೆರೆ ಇರುತ್ತದೆ. ಗೆರೆ 3 ಲಕ್ಷ ಎಂದಿದ್ದರೆ ಮೊದಲ 3 ಲಕ್ಷ ಬೇರೆ ಪಾಲಿಸಿಯಿಂದಲೋ ಕೈಯಿಂದಲೋ ಹೋಗಬೇಕು, ಅದಕ್ಕೆ ಮೇಲಿನದನ್ನು ಮಾತ್ರ ಕಂಪನಿ ಕೊಡುತ್ತದೆ. ಅದಕ್ಕಾಗಿಯೇ ಕಂತು ಅಗ್ಗ. ಇದರಲ್ಲಿಯೂ ಎರಡು ಜಾತಿ. ಒಂದೇ ವರುಷದಲ್ಲಿ ಎರಡು ಸಲ ಆಸ್ಪತ್ರೆ ಸೇರಿ, ಒಂದೊಂದು ಸಲ 2 ಲಕ್ಷ ಖರ್ಚಾಯಿತು ಎನ್ನಿ. ಬರಿಯ ಟಾಪ್ ಅಪ್ ಪ್ರತಿ ಸಲವೂ ಹೊಸದಾಗಿ ಗೆರೆ ಎಳೆಯುತ್ತದೆ. 2 ಲಕ್ಷ ಗೆರೆ ದಾಟಲಿಲ್ಲ, ಎರಡು ಸಲವೂ ಏನೂ ಇಲ್ಲ. ಸೂಪರ್ ಟಾಪ್ ಅಪ್ ಇಡೀ ವರುಷದ ಲೆಕ್ಕ ಕೂಡಿಸುತ್ತದೆ. 4 ಲಕ್ಷವಾಯಿತು, 3 ಕಳೆದು 1 ಲಕ್ಷ ಕೊಡುತ್ತದೆ. ಮುದಿವಯಸ್ಸಿನಲ್ಲಿ ಒಂದೇ ಕಾಯಿಲೆಗೆ ಮೂರು ಸಲ ಸೇರುವುದು ಸಾಮಾನ್ಯ. ಆದುದರಿಂದ ತೆಗೆದುಕೊಳ್ಳುವುದಾದರೆ ಎರಡನೆಯ ಜಾತಿಯದು. ಆದರೆ ಕೆಳಗಿನ ಮೆಟ್ಟಿಲೇ ಇಲ್ಲದವನು ಮೇಲಿನ ಮೆಟ್ಟಿಲು ಕೊಂಡು ಏನು ಮಾಡಿಯಾನು? ಮೊದಲ 3 ಲಕ್ಷಕ್ಕೆ ದಾರಿ ಇಲ್ಲದವರು ಟಾಪ್ ಅಪ್ ಕೊಳ್ಳಬಾರದು. ಅಂಥವರು 2020ರ ಏಪ್ರಿಲಿನಲ್ಲಿ ಬಂದ ಆರೋಗ್ಯ ಸಂಜೀವನಿ ಎಂಬ ಪಾಲಿಸಿಯನ್ನು ವಿಚಾರಿಸಲಿ. ಯಾವ ಕಂಪನಿಯಲ್ಲಿ ಕೊಂಡರೂ ಷರತ್ತು ಒಂದೇ ಇರುವಂತೆ ಅದನ್ನು ಮಾಡಿದ್ದಾರೆ. ಬಿಲ್ಲಿನ ನೂರಕ್ಕೆ 5 ನಮ್ಮದು. ಷರತ್ತು ಒಂದೇ ಆದ ಮೇಲೆ ದರವನ್ನು ಮಾತ್ರ ಹೋಲಿಸಿದರೆ ಸಾಕು. ಕನ್ನಡಕ ಮರೆತು ಬಂದವನಿಗೂ ಅಷ್ಟು ಸಾಧ್ಯ.

ಗುಂಪು ವಿಮೆಯಲ್ಲಿರುವವರಿಗೆ ಒಂದು ಮಾತು. ಹೋಟೆಲಿನ ಅಥವಾ ಸಮಾಜದ ಗುಂಪು ಬಿಡುವಾಗ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಹಕ್ಕು ನಿಮಗಿದೆ. ಅಲ್ಲಿ ಕಳೆದ ವರುಷಗಳು ಕಾಯುವ ಕಾಲದ ಲೆಕ್ಕಕ್ಕೆ ಬರುತ್ತವೆ. ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುವುದಾದರೆ ನವೀಕರಣದ ತಾರೀಖಿಗೆ 45 ದಿನ ಮೊದಲೇ ಅರ್ಜಿ ಕೊಡಬೇಕು. ಬಿಟ್ಟ ಮೇಲೆ ಹಿಡಿಯಲಾಗದು.

ಅರ್ಜಿ ತುಂಬುವಾಗ ಏಜೆಂಟರು "ಸಕ್ಕರೆ ಕಾಯಿಲೆ ಬರೆಯಬೇಡಿ, ಕಂತು ಜಾಸ್ತಿಯಾಗುತ್ತದೆ" ಎನ್ನುವುದುಂಟು. ಬರೆಯಿರಿ. ಬೀಡಿ ಸೇದುವುದನ್ನೂ ಬರೆಯಿರಿ. ಸತತವಾಗಿ 60 ತಿಂಗಳು ಕಂತು ಕಟ್ಟಿದ ಮೇಲೆ, ಮೋಸವೆಂದು ರುಜುವಾತು ಮಾಡಿದ ಹೊರತು, ಅದನ್ನು ಹೇಳಲಿಲ್ಲ ಇದನ್ನು ಹೇಳಲಿಲ್ಲ ಎಂದು ಕಂಪನಿ ಹಣ ನಿರಾಕರಿಸುವಂತಿಲ್ಲ. ಆದರೆ ಆ ಐದು ವರುಷದೊಳಗೆ ಮುಚ್ಚಿಟ್ಟ ಒಂದು ಮಾತು ಇಡೀ ಪಾಲಿಸಿಯನ್ನು ಮುಳುಗಿಸುತ್ತದೆ, ಆಗ ಏಜೆಂಟರ ಫೋನು ಹತ್ತುವುದಿಲ್ಲ. ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಓದಿ ನೋಡಿ ಬೇಡವಾದರೆ ಹಿಂತಿರುಗಿಸಬಹುದು. ಇಂಗ್ಲಿಷ್ ಬಾರದವರು ಆ ಮೂವತ್ತು ದಿನದೊಳಗೆ ಸಂಘಕ್ಕೆ ತನ್ನಿ, ಓದಿ ಹೇಳುತ್ತೇವೆ.

ಹಣ ಕೊಡಲು ಕಂಪನಿ ನಿರಾಕರಿಸಿದರೆ ಮೊದಲು ಕಂಪನಿಗೇ ಲಿಖಿತವಾಗಿ ದೂರು ಕೊಡಿ, ಅಂಚೆಯ ರಸೀದಿ ಇಟ್ಟುಕೊಳ್ಳಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಲೋಕಪಾಲರಲ್ಲಿಗೆ ಹೋಗಬಹುದು. ಕರ್ನಾಟಕದವರಿಗೆ ಬೆಂಗಳೂರಿನಲ್ಲಿ ಆ ಕಚೇರಿ ಇದೆ, ಮುಂಬಯಿಯಲ್ಲಿಯೂ ಇದೆ. ಫೀ ಇಲ್ಲ, ವಕೀಲರು ಬೇಡ. ಒಂದು ವರುಷದೊಳಗೆ ಹೋಗಬೇಕು, ಅಷ್ಟೇ.

ತಾಯಂದಿರಿಗೆ ಒಂದು ಮಾತು ಉಳಿಯಿತು. ಎದೆ ಹಿಡಿದುಕೊಂಡು ಬಿದ್ದವನು ಕಾಗದ ಹುಡುಕಲಾರ. ಪಾಲಿಸಿ ಎಲ್ಲಿದೆ, ಕಂಪನಿಯ ಫೋನು ಯಾವುದು, ಆಸ್ಪತ್ರೆ ಸೇರಿದ ಕೂಡಲೆ, ಸಾಮಾನ್ಯವಾಗಿ 24 ಗಂಟೆಯೊಳಗೆ, ತಿಳಿಸಬೇಕು ಎಂಬುದು ನಿಮಗೆ ಗೊತ್ತಿರಬೇಕು. ಯಜಮಾನರ ಟ್ರಂಕಿನ ಕೀಲಿ ಯಜಮಾನರ ಉಡಿದಾರದಲ್ಲಿ ಮಾತ್ರ ಇರುವ ಪದ್ಧತಿ ಈ ಒಂದು ವಿಷಯದಲ್ಲಿಯಾದರೂ ನಿಲ್ಲಲಿ.

ಮುಂದಿನ ಭಾನುವಾರ ಸಂಜೆ ಸಂಘದ ಕೋಣೆಯಲ್ಲಿ ಇಬ್ಬರು ಗೆಳೆಯರು ಕುಳಿತಿರುತ್ತಾರೆ. 55 ದಾಟಿದವರು ಆಧಾರ, ಇ.ಎಸ್.ಐ. ಸಂಖ್ಯೆ, ಊರಿನ ರೇಶನ್ ಕಾರ್ಡಿನ ಪ್ರತಿ, ಇದ್ದರೆ ಹಳೆಯ ಪಾಲಿಸಿ, ಇಷ್ಟನ್ನು ತನ್ನಿ. ಊರಿನ ಕಾರ್ಡಿನಲ್ಲಿ ಹೆಸರು ಇದೆಯೇ ಎಂದು ಈ ರಾತ್ರಿಯೇ ಮನೆಗೆ ಫೋನು ಮಾಡಿ ಕೇಳಿಕೊಂಡು ಬನ್ನಿ. ಈ ತಿಂಗಳು ಊರಿಗೆ ಹೊರಡುವವರು ಯಾರಾದರೂ ಇದ್ದರೆ ಭಾನುವಾರದವರೆಗೆ ಕಾಯಬೇಡಿ, ಈಗಲೇ ಮುಂದೆ ಬನ್ನಿ. ನಿವೃತ್ತಿ ಪತ್ರದ ಅರ್ಜಿಯನ್ನು ಇಲ್ಲಿಯೇ ಬರೆದುಕೊಡುತ್ತೇವೆ.